ವಿದೇಶದ ಹಳ್ಳಿಗೆ ಸೇವಾ ಪ್ರವಾಸ: ಕೆಲಸವನ್ನು ಆರಿಸಿಕೊಳ್ಳುವುದು ಹೇಗೆ?

ವಿದೇಶದ ಬಡ ಹಳ್ಳಿಯೊಂದರಲ್ಲಿ ಎರಡು ಮೂರು ವಾರ ಸೇವೆ ಮಾಡಿಬರಲು ಹೊರಡುವ ವಿದ್ಯಾರ್ಥಿ ತಂಡಗಳು ಟಿಕೆಟ್ಟು, ವೀಸಾ, ಒಂದೇ ಬಣ್ಣದ ಟೀ ಶರ್ಟುಗಳನ್ನೆಲ್ಲ ಅಚ್ಚುಕಟ್ಟಾಗಿ ಸಿದ್ಧಪಡಿಸಿಕೊಂಡು, ಅಲ್ಲಿ ಮಾಡಬೇಕಾದ ಕೆಲಸ ಯಾವುದೆಂಬ ಪ್ರಶ್ನೆಯನ್ನು ಕೊನೆಯ ವಾರಕ್ಕೆ ಬಿಡುತ್ತವೆ. ಇಂಥ ತಂಡಗಳ ಜೊತೆ ಹಲವು ಸಲ ಹೋಗಿಬಂದ ನಾನು ನೋಡಿದಂತೆ ಬಹುಪಾಲು ಪ್ರವಾಸಗಳು ಕೆಡುವುದು ಇಲ್ಲಿಯೇ. ಆದ್ದರಿಂದ ಕೆಲಸದ ಆಯ್ಕೆಯೇ ಮೊದಲ ಹೆಜ್ಜೆಯಾಗಲಿ, ಅದಕ್ಕೆ ಕನಿಷ್ಠ ಆರು ತಿಂಗಳ ಸಮಯ ಇಟ್ಟುಕೊಳ್ಳಿ.

ಆ ಊರಿನಲ್ಲಿ ವರ್ಷವಿಡೀ ಇರುವ ಸ್ಥಳೀಯ ಸಂಸ್ಥೆಯೊಂದನ್ನು ಹುಡುಕಿ, ಅದರ ಮೂಲಕ ಊರಿನವರನ್ನು ಕೇಳಬೇಕು. ಕೇಳುವ ರೀತಿಯಲ್ಲಿಯೇ ಅರ್ಧ ಕೆಲಸವಿದೆ. ‘ನಾವು ಬಂದು ಶಾಲೆಗೆ ಬಣ್ಣ ಬಳಿಯಬಹುದೇ’ ಎಂದು ಕೇಳಿದರೆ ಉತ್ತರ ಸದಾ ‘ಆಗಬಹುದು’ ಎಂದೇ ಬರುತ್ತದೆ, ಏಕೆಂದರೆ ದೂರದಿಂದ ಬರುತ್ತೇವೆನ್ನುವ ಅತಿಥಿಗೆ, ಅದರಲ್ಲಿಯೂ ಹಣ ತರುವ ಅತಿಥಿಗೆ, ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಅದರ ಬದಲು ಕಳೆದ ಎರಡು ವರ್ಷಗಳಲ್ಲಿ ಊರಿನಲ್ಲಿ ಕೆಟ್ಟು ನಿಂತದ್ದು ಏನು, ಅದನ್ನು ರಿಪೇರಿ ಮಾಡಲು ಅಡ್ಡಿಯಾದದ್ದು ಏನು, ಆ ಕೆಲಸ ಬಲ್ಲವರು ಊರಿನಲ್ಲಿ ಇದ್ದಾರೆಯೇ, ಯಾವ ತಿಂಗಳು ನಾವು ಬಂದರೆ ನಿಮಗೆ ತೊಂದರೆ ಎಂದು ಕೇಳಿ. ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಬಿತ್ತನೆಯ ವಾರದಲ್ಲಿಯೇ ಊರಿಗೆ ಇಳಿದ ತಂಡವೊಂದಕ್ಕೆ ಅಡುಗೆ ಮಾಡಿ ಹಾಕಲು ನಾಲ್ಕು ಮನೆಯ ಹೆಂಗಸರು ಹೊಲದ ಕೆಲಸ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಂಗಸರನ್ನು ಪ್ರತ್ಯೇಕವಾಗಿಯೇ ಕೇಳಿಸಬೇಕು. ನೀರು ಹೊರುವವರು ಅವರು, ಊರಿನ ಸಭೆಯಲ್ಲಿ ಮಾತನಾಡುವವರು ಮಾತ್ರ ಬೇರೆಯವರಾಗಿರುತ್ತಾರೆ.

ಹೀಗೆ ಕೇಳಿದಾಗ ಬರುವ ಉತ್ತರ ಎಷ್ಟೋ ಸಲ ನಮ್ಮ ಉತ್ಸಾಹಕ್ಕೆ ಹೊಂದುವುದಿಲ್ಲ. ಒಂದು ಊರಿನಲ್ಲಿ ಕೈಪಂಪಿನ ಕಟ್ಟೆಯ ಮೇಲೆ ಹಿಂದೆ ಬಂದಿದ್ದ ತಂಡದ ಹೆಸರು ದೊಡ್ಡ ಅಕ್ಷರಗಳಲ್ಲಿ ಇನ್ನೂ ಮಾಸದೆ ಇತ್ತು, ಪಂಪಿನ ಹಿಡಿ ಮಾತ್ರ ಭಾರವೇ ಇಲ್ಲದಂತೆ ಮೇಲೆ ಕೆಳಗೆ ಆಡುತ್ತಿತ್ತು, ನೀರು ಬರುತ್ತಿರಲಿಲ್ಲ. ಆಫ್ರಿಕಾದ ಹಲವು ದೇಶಗಳಲ್ಲಿಯೂ ಬಳಕೆಯಲ್ಲಿರುವ ಇಂಡಿಯಾ ಮಾರ್ಕ್ 2 ಮಾದರಿಯ ಪಂಪು ಅದು. ಕೊಳವೆಗಳನ್ನು ಒಂದೊಂದಾಗಿ ಮೇಲೆತ್ತಿ ಸಿಲಿಂಡರನ್ನು ಬಿಚ್ಚಿದಾಗ ಒಳಗಿನ ಬಟ್ಟಲಿನಾಕಾರದ ರಬ್ಬರ್ ವಾಷರು ಅಂಚು ಹರಿದು ಕೈಗೆ ಬಂತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ವಸ್ತು. ಊರಿನಲ್ಲಿ ಅದನ್ನು ಬದಲಿಸಲು ಬೇಕಾದ ಸ್ಪ್ಯಾನರೂ ಇರಲಿಲ್ಲ, ಬಿಡಿಭಾಗ ಎಲ್ಲಿ ಸಿಗುತ್ತದೆಂದು ತಿಳಿದವರೂ ಇರಲಿಲ್ಲ. ನಮ್ಮ ವಿದ್ಯಾರ್ಥಿಗಳು ಹೊಸ ಕೊಳವೆಬಾವಿ ಕೊರೆಸುವ ಹಣವನ್ನೇ ಕೂಡಿಸಿ ತಂದಿದ್ದರು. ಆ ಹಣದ ಒಂದು ಪಾಲಿನಲ್ಲಿ ಉಪಕರಣದ ಪೆಟ್ಟಿಗೆ ಮತ್ತು ಹಲವು ವರ್ಷಗಳಿಗೆ ಸಾಲುವಷ್ಟು ವಾಷರುಗಳನ್ನು ಕೊಂಡು, ಹತ್ತಿರದ ಪಟ್ಟಣದ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟು, ಊರಿನ ಇಬ್ಬರು ಹೆಂಗಸರಿಗೆ ಪಂಪು ಬಿಚ್ಚಿ ಜೋಡಿಸುವುದನ್ನು ಕಲಿಸಲಾಯಿತು. ವಿದ್ಯಾರ್ಥಿಗಳು ಕೊಳವೆ ಎತ್ತಿದರು, ಚರಂಡಿಗೆ ಗಾರೆ ಕಲಸಿದರು. ತಂಡ ಮಾಡಬೇಕಾದ ಕೆಲಸದ ಅಳತೆ ಇಷ್ಟೇ ಎಂಬುದು ನನ್ನ ಖಚಿತ ಅಭಿಪ್ರಾಯ: ಕಸುಬು ಬಲ್ಲ ಸ್ಥಳೀಯರಿಗೆ ಕೂಲಿ ಕೊಡಬೇಕು, ಅವರ ಕೈಕೆಳಗೆ ನಾವು ಆಳಾಗಿ ದುಡಿಯಬೇಕು.

ಅನಾಥಾಲಯದ ಸೇವೆಯನ್ನು ಯಾರೇ ಕೊಡಲಿ, ಒಪ್ಪಿಕೊಳ್ಳಬೇಡಿ. ಕಾಂಬೋಡಿಯಾದ ಇಂಥ ಸಂಸ್ಥೆಗಳಲ್ಲಿದ್ದ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿನವರಿಗೆ ತಂದೆ ಅಥವಾ ತಾಯಿ ಬದುಕಿದ್ದರೆಂಬುದು 2011ರಲ್ಲಿಯೇ ತಿಳಿದುಬಂದಿತ್ತು. ನೋಡಲು ಬರುವವರಿಗಾಗಿ ಮಕ್ಕಳನ್ನು ಮನೆಯಿಂದ ಬೇರ್ಪಡಿಸುವ ದಂಧೆ ಇದೆ. ಅನಾಥಾಲಯಗಳಲ್ಲಿನ ಸ್ವಯಂಸೇವೆಯಿಂದ ಆಗುವ ಹಾನಿಯ ಬಗ್ಗೆ ವಿಶ್ವಸಂಸ್ಥೆಯ ಮಹಾಸಭೆಯೂ 2019ರ ನಿರ್ಣಯದಲ್ಲಿ ಎಚ್ಚರಿಸಿದೆ. ಹಾಗೆಯೇ ವೈದ್ಯಕೀಯ ವಿದ್ಯಾರ್ಥಿಗಳು ತಮ್ಮ ಕಾಲೇಜಿನಲ್ಲಿ ಒಂಟಿಯಾಗಿ ಹಾಕಲು ಅನುಮತಿಯಿಲ್ಲದ ಹೊಲಿಗೆಯನ್ನು ಪರದೇಶದ ಬಡವನ ಮೈಮೇಲೆ ಹಾಕಬಾರದು.

ಎರಡನೆಯದು ಕಾಗದಪತ್ರ. ಸಂಬಳವಿಲ್ಲದ ಸೇವೆಯನ್ನೂ ಹಲವು ದೇಶಗಳು ಕೆಲಸವೆಂದೇ ಪರಿಗಣಿಸುತ್ತವೆ. ಉದಾಹರಣೆಗೆ ನೇಪಾಳದಲ್ಲಿ ಪ್ರವಾಸಿ ವೀಸಾದ ಮೇಲೆ ಸ್ವಯಂಸೇವೆಗೆ ಅವಕಾಶವಿಲ್ಲ. ‘ಪ್ರವಾಸಿ ಎಂದು ಹೇಳಿಬಿಡಿ, ಯಾರೂ ಕೇಳುವುದಿಲ್ಲ’ ಎನ್ನುವ ಏಜೆಂಟರನ್ನು ಅಲ್ಲಿಗೇ ಬಿಟ್ಟುಬಿಡಿ.

ಮೂರನೆಯದು ಆರೋಗ್ಯ. ಹೊರಡುವ ಆರರಿಂದ ಎಂಟು ವಾರ ಮೊದಲೇ ವೈದ್ಯರನ್ನು ಕಾಣಿ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ 10 ದಿನಗಳ ನಂತರ. 2016ರಿಂದ ಅದು ಜೀವನಪರ್ಯಂತ ನಡೆಯುತ್ತದೆ. ಕೈಗೆ ಕಟ್ಟುವ ಸೊಳ್ಳೆ ನಿರೋಧಕ ಪಟ್ಟಿಗಳನ್ನು ಕೊಳ್ಳಬೇಡಿ, ಅವು ಮಣಿಕಟ್ಟಿನ ಸುತ್ತಲಿನ ಚರ್ಮವನ್ನೂ ಸರಿಯಾಗಿ ಕಾಯುವುದಿಲ್ಲ. ಸೊಳ್ಳೆಯನ್ನು ದೂರವಿಡುವ ಡೀಟ್ ಎಂಬ ರಾಸಾಯನಿಕ ಇರುವ ಮುಲಾಮು ಮತ್ತು ಔಷಧ ಲೇಪಿಸಿದ ಸೊಳ್ಳೆಪರದೆಯನ್ನು ತೆಗೆದುಕೊಂಡು ಹೋಗಿ.

ಸಾಮಾನು ಕಡಿಮೆ ಇರಲಿ. ಹಳೆಯ ಬಟ್ಟೆಯ ಮೂಟೆಗಳು ಬೇಡ. ಮನೆಯಲ್ಲಿ ಉಳಿದ ಮಾತ್ರೆಗಳಂತೂ ಬೇಡವೇ ಬೇಡ. ದಾನವಾಗಿ ಹೋಗುವ ಔಷಧಿ ಆ ದೇಶವನ್ನು ತಲಪುವಾಗ ಅದರ ಬಳಕೆಯ ಅವಧಿ ಕನಿಷ್ಠ ಒಂದು ವರ್ಷ ಉಳಿದಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ನಾಲ್ಕನೆಯದು ಭಾಷೆ. ಅಮೆರಿಕದ ಪೀಸ್ ಕೋರ್ ತನ್ನ ಸ್ವಯಂಸೇವಕರಿಗೆ ಎರಡು ವರ್ಷದ ಸೇವೆಗೆ ಮೊದಲು ಸುಮಾರು ಮೂರು ತಿಂಗಳ ತರಬೇತಿ ಕೊಡುತ್ತದೆ. ಎರಡು ವಾರಕ್ಕೆ ಹೋಗುವವರು ಕನಿಷ್ಠ ಐವತ್ತು ಪದಗಳನ್ನಾದರೂ ಬಾಯಿಪಾಠ ಮಾಡಿಕೊಳ್ಳಬೇಕು. ‘ಇದನ್ನು ಹೇಗೆ ಮಾಡಬೇಕು, ತೋರಿಸಿ’ ಎಂಬ ವಾಕ್ಯವನ್ನು ಮೊದಲು ಕಲಿಯಿರಿ. ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಗೆ ಬರುವುದು ಅದೇ. ಫೋಟೋ ತೆಗೆಯುವ ಮುನ್ನ ಅನುಮತಿ ಕೇಳಿ, ಮಗುವಾದರೆ ತಾಯಿತಂದೆಯನ್ನು ಕೇಳಿ.

ಆ ಊರಿನಿಂದ ಮರಳಿ ಹೊರಡುವ ಹಿಂದಿನ ದಿನ ಉಪಕರಣದ ಪೆಟ್ಟಿಗೆ, ಬೀಗದ ಕೈ, ಉಳಿದ ಹಣದ ಲೆಕ್ಕ ಇವೆಲ್ಲ ಊರಿನ ಯಾರ ಕೈಯಲ್ಲಿವೆ ಎಂಬುದನ್ನು ಎಲ್ಲರ ಎದುರಿಗೆ ಬರೆದು, ಒಂದು ಪ್ರತಿಯನ್ನು ಅಲ್ಲಿಯೇ ಬಿಡಿ. ಮರಳಿದ ಮೇಲೆ ಒಂದು ತಿಂಗಳಿಗೆ ಮತ್ತು ಆರು ತಿಂಗಳಿಗೆ ದೂರವಾಣಿ ಮಾಡಿ, ಪಂಪು ನಡೆಯುತ್ತಿದೆಯೇ, ನಿಂತಿದ್ದರೆ ಎಷ್ಟು ದಿನ ನಿಂತಿತ್ತು, ಮುಂದಿನ ವರ್ಷ ಮತ್ತೊಂದು ತಂಡ ಬೇಕೇ ಎಂದು ವಿಚಾರಿಸಿ. ಬೇಡವೆಂಬ ಉತ್ತರ ಬಂದರೆ ಅದನ್ನು ಕಾರಣಸಹಿತ ವರದಿಯ ಮೊದಲ ಪುಟದಲ್ಲಿಯೇ ಬರೆದು ಕಾಲೇಜಿಗೆ ಒಪ್ಪಿಸಿ.