ಮೊದಲು ಕುರ್ಚಿ, ಆಮೇಲೆ ಕುಂಡ

ನಮ್ಮ ಬಾಲ್ಕನಿ 4 ಅಡಿ ಅಗಲ, 9 ಅಡಿ ಉದ್ದ. ಅದರ ತುಂಬಾ ಕುಂಡಗಳು. ನೆಮ್ಮದಿಯಾಗಿ ಕೂರೋಣ ಅಂತ ಮಾಡಿದ ತೋಟದಲ್ಲಿ ಕಾಲಿಡೋಕೂ ಜಾಗ ಇರಲಿಲ್ಲ.

ಒಂದು ಭಾನುವಾರ ಎಲ್ಲವನ್ನೂ ಒಳಗೆ ತಂದಿಟ್ಟೆ. ಖಾಲಿ ನೆಲದ ಮೇಲೆ ಮೊದಲು ಕುರ್ಚಿ ಹಾಕಿದೆ. ಬೆಳಗ್ಗೆಯಿಂದ ಸಂಜೆವರೆಗೆ ಬಿಸಿಲು ಸರಿದಂತೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮಲ್ಲಿಗೆ ಇದ್ದ ಮೂಲೆಗೆ ಎರಡು ಗಂಟೆ ಬಿಸಿಲೂ ಬೀಳುತ್ತಿರಲಿಲ್ಲ. ಅದಕ್ಕೆ ಐದಾರು ಗಂಟೆಯಾದರೂ ಬೇಕು ಅಲ್ವಾ? ಮೊಗ್ಗು ಬರಲಿಲ್ಲ ಅಂತ ನಾನು ಸುಮ್ನೆ ಗೊಬ್ಬರ ಹಾಕುತ್ತಿದ್ದೆ.

ಈಗ ಬಿಸಿಲಿನ ತುದಿಯಲ್ಲಿ ಮಲ್ಲಿಗೆ, ನೆರಳಿನಲ್ಲಿ ಮನಿ ಪ್ಲಾಂಟ್, ಜರಿಗಿಡ. ಒಂದು ಗಿಡವನ್ನು ಕಿತ್ತು ನೋಡಿದಾಗ ಬೇರು ಕೊಳೆತು ಕಪ್ಪಗಾಗಿ, ಮುಟ್ಟಿದರೆ ಸಿಪ್ಪೆ ಕೈಗೆ ಬರುತ್ತಿತ್ತು. ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಂತೇ ಇರುತ್ತಿತ್ತು. ಇನ್ನು ಮೇಲೆ ತಟ್ಟೆಯ ನೀರು ಚೆಲ್ಲಿಬಿಡುತ್ತೇನೆ. ಮಣ್ಣಿಗೆ ಬೆರಳು ಇಳಿಸಿ ನೋಡಿ, ಒಂದು ಇಂಚು ಒಣಗಿದ್ದರೆ ಮಾತ್ರ ನೀರು. ಒದ್ದೆ ಮಣ್ಣು ಬಾಲ್ಕನಿಗೆ ತುಂಬಾ ಭಾರ, ಅದಕ್ಕೇ ಅರ್ಧದಷ್ಟು ತೆಂಗಿನ ನಾರಿನ ಪುಡಿ ಬೆರೆಸಿದೆ.

12 ಕುಂಡ ಸಾಕಾಯಿತು, ಮಿಕ್ಕವನ್ನು ಗೆಳೆಯರಿಗೆ ಕೊಟ್ಟೆ. ಎತ್ತರದ ಗಿಡಗಳನ್ನು ರಸ್ತೆ ಕಡೆ ಸಾಲಾಗಿ ಇಟ್ಟಿದ್ದೇನೆ. ಕೂತರೆ ಕಣ್ಣಿಗೆ ಎಲೆಗಳೇ ಕಾಣುತ್ತವೆ. ಮಲ್ಲಿಗೆಯಲ್ಲಿ ಮೊನ್ನೆ ನಾಲ್ಕು ಮೊಗ್ಗು ಕಂಡವು.