ಸ್ಪ್ರೇ ಗನ್ನಿನಲ್ಲಿ ಕಟ್ಟಿಕೊಂಡ ಅಂಟು

ತಮಿಳುನಾಡಿನ ಆಂಬೂರಿನ ಒಂದು ಟ್ಯಾನರಿಯಲ್ಲಿ, ಅಂದರೆ ತೊಗಲು ಹದ ಮಾಡುವ ಕಾರ್ಖಾನೆಯಲ್ಲಿ, ಫಿನಿಶಿಂಗ್ ನೋಡಿಕೊಳ್ಳುವವನು ನಾನು. ಹದವಾದ ಚರ್ಮಕ್ಕೆ ಕೊನೆಯಲ್ಲಿ ಬಣ್ಣ ಹೊಡೆಯುವ ಕೆಲಸ ಅದು. ಸುಣ್ಣದಿಂದ ತೆಗೆದ ತೊಗಲಿನ ಅಂಚು ಕತ್ತರಿಸಿದಾಗ ಬೀಳುವ ಚೂರು ಒಂದೇ ದಿನಕ್ಕೆ ನಾತ ಹೊಡೆಯುತ್ತಿತ್ತು. ಅದನ್ನು ಸಾಗಿಸಲು ದುಡ್ಡು ಕೊಡುತ್ತಿದ್ದೆವು. ಇತ್ತ ಬಣ್ಣ ಹಿಡಿದಿಡುವ ಬೈಂಡರಿಗೂ ದುಡ್ಡು. ಬಡಗಿ ಮರ ಅಂಟಿಸುವ ಮರವಜ್ರ ಬರುವುದೇ ಇಂಥ ಚೂರಿನಿಂದ ಅಲ್ವಾ? ಬೈಂಡರ್ ಯಾಕಾಗಬಾರದು ಅನ್ನಿಸಿತು.

ಚೂರು ತೊಳೆದು, ಸುಣ್ಣ ಬಿಡಲೆಂದು ಅಮೋನಿಯಂ ಸಲ್ಫೇಟ್ ನೀರಿನಲ್ಲಿ ತಿರುಗಿಸಿದೆ. ದಪ್ಪ ಚೂರೊಂದನ್ನು ಕೊಯ್ದು ಫಿನಾಲ್ಫ್ತಲೀನ್ ಹನಿ ಬಿಟ್ಟೆ. ಗುಲಾಬಿ ಬಂದರೆ ಒಳಗೆ ಇನ್ನೂ ಸುಣ್ಣ ಇದೆ ಅಂತ. ಬಣ್ಣ ಬಾರದಂತಾದ ಮೇಲೆ 65 ಡಿಗ್ರಿ ನೀರಿನಲ್ಲಿ ನಾಲ್ಕು ಗಂಟೆ ಇಟ್ಟೆ. ಕೊತಕೊತ ಕುದಿಸಿದರೆ ಅಂಟಿನ ಕಸುವು ಹೋಗುತ್ತದೆ. ತೇಲಿದ ಕೊಬ್ಬು ತೆಗೆದು ಬಟ್ಟೆಯಲ್ಲಿ ಸೋಸಿದೆ.

ಆ ಅಂಟನ್ನು ಬಣ್ಣಕ್ಕೆ ಬೆರೆಸಿ ಸ್ಪ್ರೇ ಗನ್ನಿಗೆ ತುಂಬಿದೆವು. ಅದು ಡಿಸೆಂಬರಿನ ತಣ್ಣನೆಯ ಬೆಳಿಗ್ಗೆ. ಎರಡು ಚರ್ಮ ಮುಗಿಯುವಷ್ಟರಲ್ಲಿ ಗನ್ನಿನ ಮೂತಿ ಕಟ್ಟಿತು. ಬಿಚ್ಚಿದರೆ ಒಳಗೆ ಜೆಲ್ಲಿ! ಸಕ್ಕರೆ ಹಾಕಿದ್ದರೆ ತಿನ್ನಬಹುದಿತ್ತು ಎಂದು ಗನ್ ಹಿಡಿದ ಹುಡುಗ ನಕ್ಕ.

ಮುಂದಿನ ಸಲ ಪ್ರೋಟೀನ್ ಒಡೆಯುವ ಕಿಣ್ವ ಹಾಕಿದೆ. ಸಾಕೆನಿಸಿದಾಗ 90 ಡಿಗ್ರಿಗೆ ಕಾಯಿಸಿ ಅದರ ಕೆಲಸ ನಿಲ್ಲಿಸಬೇಕು. ಇಲ್ಲದಿದ್ದರೆ ಅಂಟು ನೀರಾಗುತ್ತದೆ. ಈಗ ಜೆಲ್ಲಿ ಆಗಲಿಲ್ಲ, ಆದರೆ ಚರ್ಮ ಮಡಚಿದರೆ ಪದರ ಹಪ್ಪಳದಂತೆ ಬಿರಿಯಿತು. ಹರಳೆಣ್ಣೆಯಿಂದ ಮಾಡುವ ಟರ್ಕಿ ರೆಡ್ ಆಯಿಲ್ ಸ್ವಲ್ಪ ಸೇರಿಸಿದ ಮೇಲೆ ಬಾಗಿತು.

ಉಳಿದದ್ದು ದೊಡ್ಡ ತಲೆನೋವು. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಬಣ್ಣ ಕಿತ್ತುಬಂತು. ಹೀಗಾಗದಿರಲಿ ಎಂದು ಹಳಬರು ಮೇಲೆ ಫಾರ್ಮಲಿನ್, ಅಂದರೆ ಫಾರ್ಮಾಲ್ಡಿಹೈಡ್ ಬೆರೆತ ನೀರು, ಹೊಡೆಯುತ್ತಿದ್ದರು. ಈಗ ರಫ್ತಿನ ಗಿರಾಕಿಗಳು ಫಾರ್ಮಾಲ್ಡಿಹೈಡ್ ಎಷ್ಟಿದೆ ಎಂದು ಪರೀಕ್ಷೆ ಮಾಡಿಸುತ್ತಾರೆ. ಹಾಗಾಗಿ ಐದರಲ್ಲಿ ಒಂದು ಭಾಗ ನಮ್ಮ ಅಂಟು, ಉಳಿದದ್ದು ಅಕ್ರಿಲಿಕ್ ಬೈಂಡರ್. ಅದೂ ಶೂ ಒಳಗಿನ ಲೈನಿಂಗ್ ಚರ್ಮಕ್ಕೆ ಮಾತ್ರ. ಒಂದು ಲಾಭ ನಾನು ಎಣಿಸಿರಲಿಲ್ಲ: ಅಕ್ರಿಲಿಕ್ ಚರ್ಮ ಒತ್ತುವ ಬಿಸಿ ಪ್ಲೇಟಿಗೆ ಮೆತ್ತಗಾಗಿ ಅಂಟುತ್ತದೆ, ಇದು ಸೇರಿದರೆ ಆ ಕಾಟ ಕಡಿಮೆ.

ಚರ್ಮವನ್ನು ಒಂದೇ ದಪ್ಪಕ್ಕೆ ಹೆರೆಯುವ ಶೇವಿಂಗ್ ಮಷಿನ್ನಿನಿಂದ ಉದುರುವ ನೀಲಿ ಪುಡಿಯನ್ನು ಮಾತ್ರ ಇದರ ಜೊತೆ ಬೆರೆಸಬೇಡಿ. ಅದರಲ್ಲಿ ಹದ ಮಾಡಲು ಹಾಕಿದ ಕ್ರೋಮ್ ಇದೆ. ಮೆಗ್ನೀಷಿಯಂ ಆಕ್ಸೈಡ್, ಕಿಣ್ವ ಹಾಕಿ 70 ಡಿಗ್ರಿಯಲ್ಲಿ ಅದನ್ನೂ ಬೇರೆಯಾಗಿ ಕರಗಿಸಿ ನೋಡಿದೆ. ಸೋಸಿದ ನೀರು, ಚರ್ಮವನ್ನು ಎರಡನೇ ಸಲ ಹದ ಮಾಡುವ ರೀಟ್ಯಾನಿಂಗ್ ಡ್ರಮ್ಮಿನಲ್ಲಿ ಹೊಟ್ಟೆಭಾಗದ ಸಡಿಲ ಚರ್ಮವನ್ನು ತುಂಬಿಕೊಟ್ಟಿತು. ಕ್ರೋಮ್ ಕೂತ ಕೆಸರು ಮಾತ್ರ ಕೈಯಲ್ಲೇ ಉಳಿಯಿತು. ಅದನ್ನು ಎಲ್ಲೋ ಸುರಿಯುವಂತಿಲ್ಲ. ಸದ್ಯ ನೀಲಿ ಪುಡಿಯ ಪ್ರಯೋಗವನ್ನು ಬಿಟ್ಟಿದ್ದೇನೆ.

ಅಂಟನ್ನು ಎರಡು ದಿನಕ್ಕೆ ಬೇಕಾಗುವಷ್ಟೇ ಮಾಡುತ್ತೇನೆ. ಒಮ್ಮೆ ಶನಿವಾರ ಮಾಡಿಟ್ಟು, ಕೆಡದಂತೆ ಹಾಕುವ ಔಷಧಿ ಮರೆತು ಮನೆಗೆ ಹೋದೆ. ಸೋಮವಾರ ಯಾರೂ ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ.