ಶಾರ್ತ್ರ್ ಕೆಥೆಡ್ರಲ್: ಒಳಗೆ ಹೋಗುವ ಮುಂಚೆ ಹೊರಗೊಂದು ಸುತ್ತು

ಪ್ಯಾರಿಸ್‌ಗೆ ಹೋದವರು ನೋತ್ರ್ ದಾಮ್ ನೋಡಿ, ಗೋಥಿಕ್ (ಮಧ್ಯಯುಗದ ಯುರೋಪಿನ ಕಟ್ಟಡ ಶೈಲಿ) ಚರ್ಚ್ ಅಂದರೆ ಇಷ್ಟೇ ಎಂದು ಮುಂದಕ್ಕೆ ಹೊರಡುತ್ತಾರೆ. ಅಲ್ಲಿನ ಮೊಂಪಾರ್ನಾಸ್ ಸ್ಟೇಷನ್ನಿನಿಂದ ರೈಲಿನಲ್ಲಿ ಒಂದು, ಒಂದೂಕಾಲು ಗಂಟೆ ಕೂತರೆ ಶಾರ್ತ್ರ್ ಸಿಗುತ್ತದೆ. ಊರು ಚಿಕ್ಕದು. ಕೆಥೆಡ್ರಲ್ ಮಾತ್ರ ಸುಮಾರು 130 ಮೀಟರ್ ಉದ್ದದ್ದು. ಗೋಧಿ ಬೆಳೆಯುವ ಬಯಲಿನ ನಡುವೆ ಅದರ ಎರಡು ಗೋಪುರಗಳು ಊರಿಗಿಂತ ಮೊದಲೇ ಕಾಣುತ್ತವೆ.

ಬಂದವರಲ್ಲಿ ಮುಕ್ಕಾಲು ಪಾಲು ಜನ ಸೀದಾ ಒಳಗೆ ಹೋಗುತ್ತಾರೆ. ಬಣ್ಣದ ಗಾಜಿನ ಕಿಟಕಿಗಳಿಗೆ ಅಷ್ಟು ಹೆಸರಿದೆ. ತಪ್ಪೇನಲ್ಲ. ಆದರೆ ಪಶ್ಚಿಮ, ಉತ್ತರ, ದಕ್ಷಿಣ ಮೂರೂ ಕಡೆ ಮೂರು ಮೂರರಂತೆ ಒಂಬತ್ತು ಬಾಗಿಲುಗಳಿವೆ. ಒಂದೊಂದರ ಸುತ್ತ ಕಲ್ಲಿನ ವಿಗ್ರಹಗಳ ಸಾಲು. ಪ್ಯಾರಿಸ್ಸಿನ ನೋತ್ರ್ ದಾಮ್ ಮುಂಭಾಗದ ರಾಜರ ಸಾಲಿನ ತಲೆಗಳನ್ನು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಕಡಿದುಹಾಕಿದರು. ಈಗ ಅಲ್ಲಿ ಕಾಣುವ ರಾಜರು 19ನೇ ಶತಮಾನದವರು. ಶಾರ್ತ್ರ್‌ನಲ್ಲಿ 12 ಮತ್ತು 13ನೇ ಶತಮಾನದ ಕೆತ್ತನೆ ಬಹುಪಾಲು ಉಳಿದುಕೊಂಡಿದೆ. ಟಿಕೆಟ್ ಇಲ್ಲ, ಕ್ಯೂ ಇಲ್ಲ. ಕತ್ತೆತ್ತಿ ನೋಡುವ ತಾಳ್ಮೆ ಬೇಕು, ಜೊತೆಗೆ ಕಥೆ ಗೊತ್ತಿರುವ ಗೈಡ್ ಬೇಕು.

ಹೊರಡುವ ಮುಂಚೆ

ಗೈಡ್‌ಗೆ ಊರಿನ ಪ್ರವಾಸಿ ಕಚೇರಿಯಲ್ಲಿ ವಿಚಾರಿಸಿ. ಇಂಗ್ಲಿಷ್ ಸುತ್ತಾಟ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಚಳಿಗಾಲದಲ್ಲಿ ಕಡಿಮೆ ಇರುತ್ತದೆ. ಬುಕ್ ಮಾಡುವಾಗ ಒಂದು ಪ್ರಶ್ನೆ ತಪ್ಪದೆ ಕೇಳಿ: "ಹೊರಗೆ ಎಷ್ಟು ಹೊತ್ತು, ಒಳಗೆ ಎಷ್ಟು ಹೊತ್ತು?" ಹೆಚ್ಚಿನ ಸುತ್ತಾಟಗಳಲ್ಲಿ ಹೊರಗಡೆಗೆ ಹತ್ತು ನಿಮಿಷ ಕೊಟ್ಟು ಒಳಗೆ ಕರೆದುಕೊಂಡು ಹೋಗಿಬಿಡುತ್ತಾರೆ. ನಾಲ್ಕೈದು ಜನ ಸೇರಿದರೆ ಖಾಸಗಿಯಾಗಿ ಗೈಡ್ ಗೊತ್ತು ಮಾಡಿಕೊಂಡು, ಬರೀ ಹೊರಗಡೆ ಒಂದೂವರೆ ಗಂಟೆ ತೋರಿಸಿ ಅನ್ನಬಹುದು.

ಈ ಕೆಥೆಡ್ರಲ್ಲಿಗೆ ಮ್ಯಾಲ್ಕಮ್ ಮಿಲ್ಲರ್ ಎಂಬ ಇಂಗ್ಲಿಷ್ ಗೈಡ್ ಇದ್ದರು. 1958ರಲ್ಲಿ ಶುರು ಮಾಡಿ ದಶಕಗಟ್ಟಲೆ ಇದೊಂದೇ ಕಟ್ಟಡ ತೋರಿಸಿದರು. ಇವತ್ತು ತೋರಿಸಿದ್ದನ್ನೇ ನಾಳೆಯೂ ತೋರಿಸುತ್ತಿರಲಿಲ್ಲ. ಅಷ್ಟು ವರ್ಷ ಅಲ್ಲೇ ಇದ್ದವರೇ ಒಂದು ದಿನಕ್ಕೆ ಒಂದಿಷ್ಟು ಸಾಕು ಅಂದುಕೊಂಡಿದ್ದರು. ಒಂದು ಮಧ್ಯಾಹ್ನಕ್ಕೆ ಬಂದ ನಾವು ಎಲ್ಲವನ್ನೂ ನೋಡುತ್ತೇವೆ ಅಂದರೆ ಹೇಗೆ, ಅಲ್ವಾ? ಬಾಗಿಲಿಗೊಂದೋ ಎರಡೋ ವಿಗ್ರಹ ಆರಿಸಿಕೊಳ್ಳಿ, ನಿಧಾನವಾಗಿ ನೋಡಿ.

ಬೈಬಲ್ ಕಥೆ ಗೊತ್ತಿಲ್ಲದವರು ಹಿಂದಿನ ರಾತ್ರಿ ನಾಲ್ಕು ಕಥೆ ಓದಿಕೊಳ್ಳಿ: ಲೋಕದ ಸೃಷ್ಟಿ, ಅಬ್ರಹಾಮ ಮಗನನ್ನು ಬಲಿಗೆ ಒಯ್ದದ್ದು, ಯೇಸುವಿನ ಜನನ, ಕೊನೆಯ ತೀರ್ಪು. ಇಷ್ಟು ಇದ್ದರೆ ಗೈಡ್ ಮಾತು ಅರ್ಧಕ್ಕೆ ಕೈ ತಪ್ಪುವುದಿಲ್ಲ.

ಜೊತೆಗೆ ಒಂದು ಸಣ್ಣ ಬೈನಾಕ್ಯುಲರ್ ಇರಲಿ. ಇದು ಶೋಕಿಗಲ್ಲ. ಕಮಾನಿನ ಮೇಲಿನ ಗೊಂಬೆಗಳು ಬರಿಗಣ್ಣಿಗೆ ಉಬ್ಬುತಗ್ಗಿನ ಹಾಗೆ ಕಾಣುತ್ತವೆ ಅಷ್ಟೇ. ಫೋನ್ ಜೂಮ್ ಮಾಡಿದರೆ ಅಂಚೆಲ್ಲ ಮಸುಕು. ಬಯಲಿನ ಗಾಳಿ ಜೋರು, ಹಾಗಾಗಿ ಬೇಸಿಗೆಯಲ್ಲೂ ಒಂದು ಜಾಕೆಟ್ ಬೇಕು.

ಯಾವ ಹೊತ್ತು, ಯಾವ ದಿಕ್ಕು

ಪಶ್ಚಿಮದ ಮುಂಭಾಗಕ್ಕೆ ಬೆಳಗ್ಗೆ ಬಿಸಿಲು ಬೀಳುವುದಿಲ್ಲ. ಆಗ ಹೋದರೆ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಮಧ್ಯಾಹ್ನದ ಮೇಲೆ ಶುರು ಮಾಡಿ. ಪಶ್ಚಿಮದಲ್ಲಿ ನಿಂತು ಒಟ್ಟು ಆಕಾರ ನೋಡಿ, ಎಡಕ್ಕೆ ತಿರುಗಿ ಉತ್ತರಕ್ಕೆ ಹೋಗಿ, ಆಮೇಲೆ ಪೂರ್ವ, ದಕ್ಷಿಣ, ಕೊನೆಗೆ ಮತ್ತೆ ಪಶ್ಚಿಮ. ನಮ್ಮ ಪ್ರದಕ್ಷಿಣೆಯ ದಿಕ್ಕೇ ಇದು, ಕಟ್ಟಡ ಬಲಗೈ ಕಡೆಗೇ ಇರುತ್ತದೆ. ದಕ್ಷಿಣಕ್ಕೆ ಬರುವ ಹೊತ್ತಿಗೆ ಅಲ್ಲಿ ಬಿಸಿಲಿರುತ್ತದೆ, ಪಶ್ಚಿಮಕ್ಕೆ ವಾಪಸ್ ಬರುವಾಗ ಇಳಿಬಿಸಿಲು. ಗೈಡ್ ಬೇರೆ ಕ್ರಮ ಹಿಡಿದರೆ ಜಗಳಕ್ಕೆ ನಿಲ್ಲಬೇಡಿ. ಅವರು ಹೋದ ಮೇಲೆ ಪಶ್ಚಿಮದ ಬಾಗಿಲಿಗೆ ನೀವೇ ಇನ್ನೊಮ್ಮೆ ಬಂದರಾಯಿತು.

ಮೊದಲು ದೂರದಿಂದ: ಎರಡು ಗೋಪುರ

ಮುಂಭಾಗಕ್ಕೆ ತೀರಾ ಹತ್ತಿರ ಹೋಗಬೇಡಿ. ಅಂಗಳದ ಆ ತುದಿಯಲ್ಲೇ ನಿಲ್ಲಿ. ಗೋಪುರಗಳು ಜೋಡಿಯಾಗಿಲ್ಲ ಎನ್ನುವುದು ಮೊದಲು ಕಣ್ಣಿಗೆ ಬೀಳುತ್ತದೆ. ಬಲಗಡೆಯದು ಹಳೆಯದು, 12ನೇ ಶತಮಾನದ್ದು, ಸುಮಾರು 105 ಮೀಟರ್. ಅಲಂಕಾರ ಕಡಿಮೆ, ಶಿಖರ ನುಣ್ಣಗೆ ಮೇಲಕ್ಕೆ ಹೋಗುತ್ತದೆ. ಎಡಗಡೆಯ ಗೋಪುರಕ್ಕೆ ಇದ್ದದ್ದು ಮರದ ಶಿಖರ. 1506ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು. ಝಾನ್ ದ ಬೋಸ್ ಎಂಬ ಶಿಲ್ಪಿ ಆ ಜಾಗದಲ್ಲಿ ಕಲ್ಲಿನ ಶಿಖರ ಕಟ್ಟಿದ. ಅದರ ಎತ್ತರ ಸುಮಾರು 113 ಮೀಟರ್, ಮೈತುಂಬ ಕುಸುರಿ. ನನ್ನ ಕೇಳಿದರೆ ಹಳೆಯದೇ ಚೆಂದ. ನೀವು ಒಪ್ಪಬೇಕಿಲ್ಲ.

ಇಲ್ಲೇ ಗೈಡ್ ಬೆಂಕಿಯ ಕಥೆ ಹೇಳುತ್ತಾರೆ. 1194ರ ಜೂನ್‌ನಲ್ಲಿ ಹಳೆಯ ಚರ್ಚ್ ಸುಟ್ಟುಹೋಯಿತು. ಮೇರಿ ಮಾತೆಯದ್ದೆಂದು ನಂಬುವ ಒಂದು ವಸ್ತ್ರ 876ರಿಂದ ಇಲ್ಲಿತ್ತು. ಯಾತ್ರಿಕರು ಬರುತ್ತಿದ್ದದ್ದೇ ಅದಕ್ಕೆ. ಅದೂ ಸುಟ್ಟಿತು ಎಂದು ಊರಿನವರು ಕೈಚೆಲ್ಲಿ ಕೂತಿದ್ದಾಗ, ನೆಲಮಾಳಿಗೆಯಲ್ಲಿ ಬಚಾವಾಗಿದ್ದ ವಸ್ತ್ರವನ್ನು ಹೊರಗೆ ತಂದರಂತೆ. ಅಲ್ಲಿಂದ ಹಣವೂ ಕೆಲಸವೂ ಹರಿದುಬಂತು, ಮುಖ್ಯ ಕಟ್ಟಡ ಮೂವತ್ತು ವರ್ಷದೊಳಗೆ ಎದ್ದು ನಿಂತಿತು. ಆ ಕಾಲಕ್ಕೆ ಇದು ಭಾರಿ ವೇಗ. ಪಶ್ಚಿಮದ ಬಾಗಿಲುಗಳು, ಗೋಪುರಗಳು ಮತ್ತು ನೆಲಮಾಳಿಗೆ ಮಾತ್ರ ಬೆಂಕಿಗೆ ಸಿಗದೆ ಉಳಿದವು. ಹಾಗಾಗಿ ಮುಂಬಾಗಿಲು ಮನೆಗಿಂತ ಹಳೆಯದು.

ಎರಡನೇ ಮಹಾಯುದ್ಧದ ಕಥೆಯನ್ನೂ ಕೇಳಿ. 1944ರ ಆಗಸ್ಟ್ 16ರಂದು ಗೋಪುರದಲ್ಲಿ ಜರ್ಮನ್ನರು ಅಡಗಿದ್ದಾರೆ ಎಂಬ ಅನುಮಾನದ ಮೇಲೆ ಅಮೆರಿಕದ ಸೇನೆ ಕೆಥೆಡ್ರಲ್ ಮೇಲೆ ಗುಂಡು ಹಾರಿಸಲು ಸಜ್ಜಾಗಿತ್ತು. ಕರ್ನಲ್ ವೆಲ್ಬೋರ್ನ್ ಗ್ರಿಫಿತ್ ತಾವೇ ಒಳಗೆ ಹೋಗಿ ನೋಡಿ, ಯಾರೂ ಇಲ್ಲ ಎಂದು ಖಚಿತ ಮಾಡಿಕೊಂಡರು. ಗುಂಡಿನ ದಾಳಿ ನಿಂತಿತು. ಅದೇ ದಿನ ಪಕ್ಕದ ಲೇವ್ ಎಂಬ ಊರಿನಲ್ಲಿ ಗ್ರಿಫಿತ್ ಹತರಾದರು.

ಉತ್ತರ: ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ

ಉತ್ತರ ಗೋಪುರದ ಬುಡ ದಾಟುವಾಗ ಗಡಿಯಾರದ ಪುಟ್ಟ ಕಟ್ಟಡ ಸಿಗುತ್ತದೆ. ಇದೂ ಝಾನ್ ದ ಬೋಸ್‌ನದೇ, 1520ರದ್ದು. ಮುಳ್ಳು ನೋಡಿ ಗಲಿಬಿಲಿ ಬೇಡ, ಅದು 24 ಗಂಟೆಯ ಗಡಿಯಾರ. ದಾರಿಯಲ್ಲಿ ಗೋಡೆಯ ಕಲ್ಲಿನ ಮೇಲೂ ಒಮ್ಮೆ ಕಣ್ಣಾಡಿಸಿ. ಹತ್ತಿರದ ಬೆರ್ಷೇರ್ ಗಣಿಯಿಂದ ಬಂದ ಗಟ್ಟಿ ಸುಣ್ಣಕಲ್ಲು, ಅಲ್ಲಲ್ಲಿ ತೂತು ತೂತು. ಭಾರ ಹೊರುವುದಕ್ಕೆ ಸರಿ, ಮುಖ ಕೆತ್ತುವುದಕ್ಕೆ ಆಗದು. ವಿಗ್ರಹಗಳಿಗೆ ನಯವಾದ ಬೇರೆ ಕಲ್ಲನ್ನು ಬಳಸಿದ್ದಾರೆ.

ಉತ್ತರದ ಮಂಟಪ ನೆರಳಿನಲ್ಲಿ ಇರುವುದರಿಂದ ಜನ ಬೇಗ ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಯೇಸುವಿಗಿಂತ ಮುಂಚಿನ ಕಥೆಗಳೆಲ್ಲ ಇಲ್ಲಿವೆ. ನಡುವಿನ ಕಂಬದಲ್ಲಿ ಮೇರಿಯ ತಾಯಿ ಸಂತ ಆನ್, ಮಗು ಮೇರಿಯನ್ನು ಎತ್ತಿಕೊಂಡಿದ್ದಾಳೆ. ಎಡಗಡೆಯ ಸಾಲಿನಲ್ಲಿ ಅಬ್ರಹಾಮನನ್ನು ಹುಡುಕಿ. ಅವನ ಮುಂದೆ ಮಗ ಇಸಾಕ್ ನಿಂತಿದ್ದಾನೆ, ಕಾಲು ಕಟ್ಟಿದೆ. ಅಪ್ಪನ ಒಂದು ಕೈಯಲ್ಲಿ ಕತ್ತಿ. ಇನ್ನೊಂದು ಕೈ ಮಗನ ಗಲ್ಲದ ಕೆಳಗಿದೆ. ಕತ್ತು ಕೊಯ್ಯಲು ಹಿಡಿದ ಕೈಯೋ, ಮುದ್ದಿಸುವ ಕೈಯೋ ಹೇಳುವುದು ಕಷ್ಟ. ಅಬ್ರಹಾಮನ ತಲೆ ಮಾತ್ರ ಪಕ್ಕಕ್ಕೆ, ಮೇಲಕ್ಕೆ ತಿರುಗಿದೆ. ದೇವದೂತ 'ಬೇಡ' ಎಂದ ಕ್ಷಣ ಅದು. ಇಸಾಕನ ಬದಲು ಬಲಿಯಾಗಬೇಕಾದ ಟಗರು ಕಾಲಡಿಯಲ್ಲಿ ಆಗಲೇ ಕಾದಿದೆ. ಒಂದೇ ಕಂಬದ ಅಗಲದಲ್ಲಿ ಇಡೀ ಕಥೆ ಹಿಡಿಸಿದ್ದಾರೆ. ಮೊದಲು ಎದುರಿನಿಂದ ನೋಡಿ, ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಆ ಗಲ್ಲದ ಕೈಯನ್ನು ನೋಡಿ.

ಈಗ ಬೈನಾಕ್ಯುಲರ್ ತೆಗೆಯಿರಿ. ಮೇಲಿನ ಕಮಾನಿನಲ್ಲಿ ಸೃಷ್ಟಿಯ ದೃಶ್ಯಗಳು ಚಿಕ್ಕ ಚಿಕ್ಕದಾಗಿ ಸಾಲುಗಟ್ಟಿವೆ. ಒಂದರಲ್ಲಿ ದೇವರು ಹಕ್ಕಿಗಳನ್ನು ಮಾಡುತ್ತಿದ್ದಾನೆ, ಪಕ್ಕದಲ್ಲೇ ಒಬ್ಬ ಯುವಕನ ಮುಖ ಇಣುಕುತ್ತದೆ. ಅವನು ಆದಾಮ, ಇನ್ನೂ ಹುಟ್ಟಿಲ್ಲ, ದೇವರ ಮನಸ್ಸಿನಲ್ಲಿ ಮಾತ್ರ ಇದ್ದಾನೆ. ಇನ್ನೊಂದರಲ್ಲಿ ಆದಾಮನ ತಲೆ ದೇವರ ತೊಡೆಯ ಹತ್ತಿರ ಒರಗಿದೆ, ದೇವರು ಎರಡೂ ಕೈಯಿಂದ ಅದನ್ನು ತಿದ್ದುತ್ತಿದ್ದಾನೆ. ಮನಸ್ಸಿನಲ್ಲಿರುವುದನ್ನು ಕಲ್ಲಿನಲ್ಲಿ ತೋರಿಸುವುದು ಹೇಗೆ ಎಂಬ ಪ್ರಶ್ನೆಗೆ ಎಂಟುನೂರು ವರ್ಷದ ಹಿಂದಿನ ಶಿಲ್ಪಿ ಕೊಟ್ಟ ಉತ್ತರ ಇದು. ಗೈಡ್ ಇದನ್ನು ತೋರಿಸದೆ ಮುಂದೆ ಹೋದರೆ, 'ಆದಾಮನ ಸೃಷ್ಟಿ ಎಲ್ಲಿದೆ?' ಎಂದು ಕೇಳಿ. ಬೇಜಾರು ಮಾಡಿಕೊಳ್ಳುವುದಿಲ್ಲ, ಖುಷಿಯೇ ಪಡುತ್ತಾರೆ.

ಪೂರ್ವ: ಐದು ನಿಮಿಷ ಸಾಕು

ಹಿಂಭಾಗದಲ್ಲಿ ಬಿಷಪ್ ಅರಮನೆಯ ತೋಟ ಇದೆ. ಅಲ್ಲಿಂದ ಕೆಳಗಿನ ಊರು ಚೆನ್ನಾಗಿ ಕಾಣುತ್ತದೆ. ಹುಲ್ಲಿನಲ್ಲಿ ಒಂದು ಸುರುಳಿ ದಾರಿ ಮಾಡಿದ್ದಾರೆ. ಮಕ್ಕಳಿದ್ದರೆ ಅಲ್ಲಿ ಓಡಾಡಲಿ, ನೀವು ಬೆಂಚಿನ ಮೇಲೆ ಸುಮ್ನೆ ಕೂತು ಕಾಲು ಚಾಚಿ. ತೋಟದ ಗೇಟು ಮುಚ್ಚಿದ್ದರೆ ವಾಪಸ್ ಬಂದು ಪಶ್ಚಿಮದ ಕಡೆಯಿಂದಲೇ ದಕ್ಷಿಣಕ್ಕೆ ಹೋಗಿ.

ತಲೆ ಎತ್ತಿದರೆ ಹಸಿರು ಛಾವಣಿ ಕಾಣುತ್ತದೆ. ಅದು ತಾಮ್ರ. ಮೊದಲು ಇದ್ದ ಮರದ ಚೌಕಟ್ಟಿನ ಛಾವಣಿ 1836ರಲ್ಲಿ ಸುಟ್ಟುಹೋಯಿತು. ಆಮೇಲೆ ಎರಕದ ಕಬ್ಬಿಣದ ಚೌಕಟ್ಟು ನಿಲ್ಲಿಸಿ ತಾಮ್ರ ಹೊದಿಸಿದರು.

ದಕ್ಷಿಣ: ಕಮಾನುಗಳು, ಯೋಧ, ಕತ್ತೆ

ಗೋಡೆಯಿಂದ ಹೊರಕ್ಕೆ ಚಾಚಿದ ಕಲ್ಲಿನ ಅರ್ಧಕಮಾನುಗಳು ಈ ಕಡೆ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಫ್ಲೈಯಿಂಗ್ ಬಟ್ರೆಸ್ ಅನ್ನುತ್ತಾರೆ. ಒಳಗೆ ಸುಮಾರು 37 ಮೀಟರ್ ಎತ್ತರದಲ್ಲಿ ಕಲ್ಲಿನ ಚಾವಣಿ ಇದೆ. ಅದರ ಭಾರ ಕೆಳಕ್ಕಷ್ಟೇ ಅಲ್ಲ, ಗೋಡೆಯನ್ನು ಹೊರಕ್ಕೂ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಈ ಕಮಾನುಗಳು ಹೊರಗಿನ ದಪ್ಪ ಕಂಬಗಳಿಗೆ ದಾಟಿಸುತ್ತವೆ. ಗೋಡೆಗೆ ಕೆಲಸ ಕಡಿಮೆಯಾಯಿತು, ಅದನ್ನು ಒಡೆದು ಕಿಟಕಿ ಮಾಡಿದರು. ಒಳಗಿನ ಗಾಜಿಗೆ ಹೊರಗಿನ ಈ ಕಲ್ಲೇ ಆಧಾರ. ಕೆಳಗಿನ ಎರಡು ಕಮಾನುಗಳ ನಡುವೆ ಚಕ್ಕಡಿ ಗಾಲಿಯ ಕಡ್ಡಿಗಳಂತೆ ಪುಟ್ಟ ಕಂಬಗಳಿವೆ, ಗಮನಿಸಿ.

ದಕ್ಷಿಣದ ಮಂಟಪದ ನಡುಬಾಗಿಲಿನ ಮೇಲೆ ಕೊನೆಯ ತೀರ್ಪು. ಒಂದು ಕಡೆ ಸ್ವರ್ಗಕ್ಕೆ ಹೋಗುವವರು, ಇನ್ನೊಂದು ಕಡೆ ದೆವ್ವಗಳು ಎಳೆದೊಯ್ಯುವವರು. ನರಕದ ಸಾಲಿನಲ್ಲಿ ಕಿರೀಟ ಇಟ್ಟವರೂ ಇದ್ದಾರೆ, ಸನ್ಯಾಸಿನಿಯೂ ಇದ್ದಾಳೆ. ಶಿಲ್ಪಿಗೆ ಧೈರ್ಯ ಇತ್ತು. ಎಡಬಾಗಿಲಿನ ಹತ್ತಿರ ಸಂತ ಥಿಯೋಡರ್ ಸರಪಳಿ ಕವಚ ತೊಟ್ಟು, ಈಟಿ ಹಿಡಿದು ನಿಂತಿದ್ದಾನೆ. ಹಳೆಯ ಕಾಲದ ಹುತಾತ್ಮನಿಗೆ 13ನೇ ಶತಮಾನದ ಫ್ರೆಂಚ್ ಯೋಧನ ವೇಷ ಹಾಕಿದ್ದಾರೆ. ಬಲಬಾಗಿಲಿನಲ್ಲಿ ಪೋಪ್ ಆಗಿದ್ದ ಸಂತ ಗ್ರೆಗರಿಯ ಹೆಗಲ ಮೇಲೆ ಪಾರಿವಾಳ, ಕಿವಿಯಲ್ಲಿ ಏನೋ ಉಸುರುತ್ತಿದೆ. ಅಕ್ಕಪಕ್ಕ ನಿಜವಾದ ಪಾರಿವಾಳಗಳೂ ಕೂತಿರುವುದರಿಂದ ಒಮ್ಮೊಮ್ಮೆ ಯಾವುದು ಕಲ್ಲಿನದು ಎಂದು ಹುಡುಕಬೇಕಾಗುತ್ತದೆ.

ಪಶ್ಚಿಮಕ್ಕೆ ತಿರುಗುವ ಮೊದಲು ಹಳೆ ಗೋಪುರದ ಬುಡ ನೋಡಿ. ಅಲ್ಲೊಂದು ಕತ್ತೆ ವಾದ್ಯ ನುಡಿಸುತ್ತಿದೆ. ಪಕ್ಕದಲ್ಲಿ ನೂಲು ತೆಗೆಯುವ ಹಂದಿ ಇತ್ತು, ಈಗ ತುಂಬ ಸವೆದುಹೋಗಿದೆ. ಮೂಲೆಯಲ್ಲಿ ರೆಕ್ಕೆಯ ದೇವದೂತ ಸೂರ್ಯ ಗಡಿಯಾರ ಹಿಡಿದಿದ್ದಾನೆ. ಬಿಸಿಲಿದ್ದರೆ ನಿಮ್ಮ ವಾಚ್ ಜೊತೆ ಹೋಲಿಸಿ ನೋಡಿ. ಹೊಂದುವುದಿಲ್ಲ.

ಮತ್ತೆ ಪಶ್ಚಿಮ: ರಾಯಲ್ ಪೋರ್ಟಲ್

ರಾಯಲ್ ಪೋರ್ಟಲ್ (ರಾಜದ್ವಾರ) ಎನ್ನುವ ಈ ಮೂರು ಬಾಗಿಲುಗಳು ಸುಮಾರು 1145ರ ನಂತರದ ವರ್ಷಗಳಲ್ಲಿ ಆದದ್ದು. ಕಂಬಗಳಿಗೆ ಅಂಟಿ ನಿಂತ ಉದ್ದನೆಯ ರಾಜ ರಾಣಿಯರು ಮೊದಲು 24 ಇದ್ದರು, ಉಳಿದದ್ದು 19. ಅದರಲ್ಲೂ ಕೆಲವು ಈಗ ನಕಲು, ಮೂಲವನ್ನು ಮಳೆ ಗಾಳಿಯಿಂದ ಕಾಪಾಡಲು ಒಳಗಿಟ್ಟಿದ್ದಾರೆ. ಯಾವುದು ಮೂಲ, ಯಾವುದು ನಕಲು ಎಂದು ಗೈಡ್‌ಗೆ ಕೇಳಿ. ಆಮೇಲೆ ಕಲ್ಲಿನ ಬಣ್ಣ, ಮಡಿಕೆಯ ಅಂಚು ನೋಡಿದರೆ ನಿಮಗೇ ಗೊತ್ತಾಗತೊಡಗುತ್ತದೆ.

ಬಲಬಾಗಿಲಿನ ಕಮಾನಿನಲ್ಲಿ ಆ ಕಾಲದ ಶಾಲೆಯ ಪಾಠಗಳನ್ನು ಹೆಂಗಸರ ರೂಪದಲ್ಲಿ ಕೂರಿಸಿದ್ದಾರೆ. ವ್ಯಾಕರಣದ ಮೇಡಂ ಕೈಯಲ್ಲಿ ಬಾರುಕೋಲು. ಕೆಳಗೆ ಇಬ್ಬರು ಹುಡುಗರು, ಒಬ್ಬ ಇನ್ನೊಬ್ಬನ ಕೂದಲು ಜಗ್ಗುತ್ತಿದ್ದಾನೆ. ಸಂಗೀತದವಳು ಗಂಟೆ ಬಾರಿಸುತ್ತಿದ್ದಾಳೆ, ಅವಳ ಕೆಳಗೆ ಪೈಥಾಗೊರಸ್ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬೆನ್ನು ಬಾಗಿಸಿ ಬರೆಯುತ್ತಿದ್ದಾನೆ. ಚರ್ಚ್ ಬಾಗಿಲಲ್ಲಿ ಇವರೆಲ್ಲ ಯಾಕೆ ಅಂದರೆ, ಆಗ ಶಾರ್ತ್ರ್‌ನಲ್ಲಿ ಹೆಸರುವಾಸಿ ಪಾಠಶಾಲೆ ಇತ್ತು.

ಎಡಬಾಗಿಲಿನ ಕಮಾನಿನಲ್ಲಿ ಹನ್ನೆರಡು ತಿಂಗಳ ಕೆಲಸ ಮತ್ತು ರಾಶಿಗಳು. ಚಳಿಗಾಲದಲ್ಲಿ ಬೆಂಕಿ ಕಾಯಿಸುವವನು, ಬೇಸಿಗೆಯಲ್ಲಿ ಕುಡುಗೋಲು ಹಿಡಿದು ಗೋಧಿ ಕೊಯ್ಯುವವನು. ರಾಶಿಗಳನ್ನು ಎಣಿಸಿದರೆ ಹತ್ತೇ ಸಿಗುತ್ತವೆ. ಮೀನ ಮತ್ತು ಮಿಥುನ ಇಲ್ಲಿಲ್ಲ, ಬಲಬಾಗಿಲಿನಲ್ಲಿ ಪಾಠದ ಹೆಂಗಸರ ನಡುವೆ ಕೂತಿವೆ. ಇಲ್ಲಿ ಜಾಗ ಸಾಲದೆ ಅಲ್ಲಿಗೆ ಹಾಕಿದರು ಎಂದು ಹೇಳುತ್ತಾರೆ. ಜೊತೆಯಲ್ಲಿ ಮಕ್ಕಳಿದ್ದರೆ ಅವೆರಡನ್ನು ಹುಡುಕುವ ಕೆಲಸ ಅವರಿಗೆ ಕೊಡಿ.

ಇಷ್ಟಾದ ಮೇಲೂ ಕಾಲಲ್ಲಿ ಶಕ್ತಿ ಇದ್ದರೆ ಒಳಗೆ ಹೋಗಿ. ಉತ್ತರ ಗೋಪುರ ಹತ್ತುವುದಕ್ಕೆ ಬೇರೆ ಟಿಕೆಟ್. ನೆಲಮಾಳಿಗೆಗೆ ಗೈಡ್ ಜೊತೆ ಮಾತ್ರ ಬಿಡುತ್ತಾರೆ, ಹೊತ್ತು ನೋಡಿಕೊಂಡು ಹೋಗಬೇಕು. ಬೇಸಿಗೆಯ ತಿಂಗಳುಗಳಲ್ಲಿ ಕತ್ತಲಾದ ಮೇಲೆ ಮುಂಭಾಗದ ಮೇಲೆ ಬಣ್ಣದ ಬೆಳಕು ಹಾಯಿಸುತ್ತಾರೆ, ಅದು ಪುಕ್ಕಟೆ. ಆದರೆ ಜೂನ್, ಜುಲೈನಲ್ಲಿ ಅಲ್ಲಿ ಕತ್ತಲಾಗುವುದೇ ರಾತ್ರಿ ಹತ್ತರ ಮೇಲೆ. ಪ್ಯಾರಿಸ್‌ಗೆ ವಾಪಸ್ ಹೋಗುವವರು ಕೊನೆಯ ರೈಲು ಎಷ್ಟೊತ್ತಿಗೆ ಎಂದು ಬೆಳಗ್ಗೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಆ ರಾತ್ರಿಗೆ ಶಾರ್ತ್ರ್‌ನಲ್ಲೇ ಒಂದು ರೂಮ್ ಮಾಡಿಕೊಂಡುಬಿಡಿ.